ಎನ್‌ಬಿಎ ಕೋಚ್ ಎಷ್ಟು ಒಳ್ಳೆಯವರು? ವಾದಕ್ಕೆ ಇಳಿಯುವ ಮೊದಲು ಹೀಗೆ ಅಳೆದು ನೋಡಿ

ಎನ್‌ಬಿಎ, ಅಂದರೆ ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್, ಬಗ್ಗೆ ಏನೇ ಬರೆದರೂ ಓದುಗರು ಕೇಳುವ ಪ್ರಶ್ನೆ ಒಂದೇ: ಎಲ್ಲರಿಗಿಂತ ಒಳ್ಳೆಯ ಕೋಚ್ ಯಾರು? ಹಲವರು ಉತ್ತರವನ್ನೂ ಜೊತೆಗೇ ಕಳಿಸುತ್ತಾರೆ. ಫಿಲ್ ಜಾಕ್ಸನ್ 11 ಸಲ ಚಾಂಪಿಯನ್, ಇನ್ನೇನು ಮಾತು ಅಂತ ಒಬ್ಬರು. ಜೋರ್ಡನ್, ಶಕೀಲ್, ಕೋಬಿಯಂಥ ಸ್ಟಾರ್ ಆಟಗಾರರು ಕೈಯಲ್ಲಿದ್ದರೆ ಯಾರು ಬೇಕಾದರೂ ಗೆಲ್ಲುತ್ತಾರೆ ಅಂತ ಇನ್ನೊಬ್ಬರು. ಇಬ್ಬರ ಮಾತಿನಲ್ಲೂ ಸ್ವಲ್ಪ ನಿಜ ಇದೆ. ಆದರೆ ಇಬ್ಬರೂ ಅಳೆಯುತ್ತಿಲ್ಲ, ಸುಮ್ನೆ ಎಳೆದಾಡುತ್ತಿದ್ದಾರೆ. ಅಳೆಯುವುದಕ್ಕೆ ನಾನು ಬಳಸುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಇದರಿಂದ ವಾದ ಮುಗಿಯುವುದಿಲ್ಲ. ಯಾವ ವಿಷಯಕ್ಕೆ ವಾದ ಮಾಡುತ್ತಿದ್ದೀರಿ ಅನ್ನುವುದಾದರೂ ಗೊತ್ತಾಗುತ್ತದೆ.

ಕ್ರಿಕೆಟ್ ನೋಡಿ ಬೆಳೆದವರು ಒಂದನ್ನು ನೆನಪಿಡಿ. ಕ್ರಿಕೆಟ್‌ನಲ್ಲಿ ಯಾರು ಬೌಲ್ ಮಾಡಬೇಕು, ಫೀಲ್ಡರ್ ಎಲ್ಲಿ ನಿಲ್ಲಬೇಕು ಅಂತ ನಾಯಕ ತೀರ್ಮಾನಿಸುತ್ತಾನೆ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಅದು ಕೋಚ್ ಕೆಲಸ. ಯಾರು ಎಷ್ಟು ನಿಮಿಷ ಆಡಬೇಕು, ಎದುರಾಳಿಯ ಯಾವ ಆಟಗಾರನನ್ನು ಯಾರು ಕಾಯಬೇಕು, ಟೈಮ್‌ಔಟ್ ಯಾವಾಗ ತೆಗೆದುಕೊಳ್ಳಬೇಕು, ಎಲ್ಲ ಅವರದೇ. ಹಾಗಾಗಿ ಕೋಚ್‌ನಿಂದ ಆಗುವ ವ್ಯತ್ಯಾಸ ನಿಜವಾಗಿಯೂ ಇದೆ. ಅದು ಸ್ಟಾರ್ ಆಟಗಾರರ ನೆರಳಿನಲ್ಲಿ ಮುಚ್ಚಿಹೋಗಿರುತ್ತದೆ, ಅಷ್ಟೇ.

ಏನೇನು ಬೇಕು

ದುಡ್ಡು ಬೇಡ, ಸ್ವಲ್ಪ ಸಮಯ ಬೇಕು. ತಂಡದ ಒಂದೊಂದು ಸೀಸನ್‌ನ ಸೋಲು-ಗೆಲುವು, ಸರಾಸರಿ ಅಂಕ ವ್ಯತ್ಯಾಸ, ಯಾರು ಎಷ್ಟು ಪಂದ್ಯ ಆಡಿದರು ಅನ್ನುವ ಪಟ್ಟಿ, ಇವು ಎನ್‌ಬಿಎ ಅಂಕಿಅಂಶದ ತಾಣಗಳಲ್ಲಿ ಉಚಿತವಾಗಿ ಸಿಗುತ್ತವೆ. ಜೊತೆಗೆ ಆ ಕೋಚ್‌ನ ಕೆಲವು ಪಂದ್ಯಗಳನ್ನಾದರೂ ಪೂರ್ತಿ ನೋಡಿರಬೇಕು. ಹೈಲೈಟ್ಸ್ ಸಾಲದು. ಹೈಲೈಟ್ಸ್‌ನಲ್ಲಿ ಡಂಕ್ (ಜಿಗಿದು ಚೆಂಡನ್ನು ಬುಟ್ಟಿಗೆ ತುರುಕುವುದು) ಕಾಣುತ್ತದೆ, ಕೋಚ್ ಕಾಣುವುದಿಲ್ಲ. ನಮ್ಮಲ್ಲಿ ಪಂದ್ಯಗಳು ಬೆಳಗಿನ ಹೊತ್ತಿಗೆ ಬರುತ್ತವೆ, ಆಫೀಸ್ ಇರುವವರಿಗೆ ಕಷ್ಟ. ಮರುಪ್ರಸಾರದಲ್ಲಿ ಕೊನೆಯ ಕ್ವಾರ್ಟರ್ ಒಂದನ್ನೇ ಗಮನವಿಟ್ಟು ನೋಡಿದರೂ ನಡೆಯುತ್ತದೆ.

1. ಮೊದಲು ಪ್ರಶ್ನೆಯನ್ನು ಸರಿಮಾಡಿಕೊಳ್ಳಿ

'ಒಳ್ಳೆಯ ಕೋಚ್' ಅಂದರೆ ಮೂರು ಬೇರೆ ಬೇರೆ ಪ್ರಶ್ನೆಗಳು. ಇಡೀ ವೃತ್ತಿಯಲ್ಲಿ ಯಾರ ಸಾಧನೆ ದೊಡ್ಡದು? ಈ ವರ್ಷ ಯಾರು ಚೆನ್ನಾಗಿ ಕೆಲಸ ಮಾಡಿದರು? ನಾಳೆ ನಮ್ಮ ತಂಡಕ್ಕೆ ಯಾರನ್ನು ತರಬೇಕು? ಮೂರಕ್ಕೂ ಉತ್ತರ ಒಂದೇ ಆಗಬೇಕಿಲ್ಲ.

ರೆಡ್ ಔರ್‌ಬ್ಯಾಕ್ ಬಾಸ್ಟನ್ ಸೆಲ್ಟಿಕ್ಸ್‌ಗೆ 1957ರಿಂದ 1966ರ ನಡುವೆ 9 ಪ್ರಶಸ್ತಿ ಗೆದ್ದುಕೊಟ್ಟರು. ಆಗ ಲೀಗ್‌ನಲ್ಲಿ ಇದ್ದದ್ದು ಎಂಟು-ಒಂಬತ್ತು ತಂಡ. ಈಗ 30. ಮೇಲಾಗಿ ಔರ್‌ಬ್ಯಾಕ್ ಕೋಚ್ ಮಾತ್ರ ಆಗಿರಲಿಲ್ಲ, ಆಟಗಾರರನ್ನು ಆರಿಸುವವರೂ ಅವರೇ. 1956ರಲ್ಲಿ ಬಿಲ್ ರಸೆಲ್ ಅವರನ್ನು ತಂಡಕ್ಕೆ ತಂದದ್ದು ಅವರ ವ್ಯಾಪಾರ ಬುದ್ಧಿ. ಇವತ್ತಿನ ಕೋಚ್‌ಗೆ ಸಾಮಾನ್ಯವಾಗಿ ಆ ಅಧಿಕಾರ ಇರುವುದಿಲ್ಲ. ಆ ಕೆಲಸಕ್ಕೆ ಜನರಲ್ ಮ್ಯಾನೇಜರ್ ಅಂತ ಬೇರೆಯವರು ಇರುತ್ತಾರೆ. ಔರ್‌ಬ್ಯಾಕ್ ದೊಡ್ಡವರು ಹೌದು. ಆದರೆ ಅವರ ಕೆಲಸವೇ ಬೇರೆ ಇತ್ತು.

ಎಚ್ಚರಿಕೆ: ವಾದದ ನಡುವೆ ಪ್ರಶ್ನೆ ಬದಲಾಯಿಸುವವರು ಜಾಸ್ತಿ. 'ಈ ವರ್ಷ ಯಾರು' ಅಂತ ಶುರುವಾದದ್ದು 'ಅವರಿಗೆ ಐದು ಉಂಗುರ ಇದೆ' ಅಂತ ಮುಗಿಯುತ್ತದೆ. (ಉಂಗುರ ಅಂದರೆ ಚಾಂಪಿಯನ್ ತಂಡಕ್ಕೆ ಕೊಡುವ ಉಂಗುರ. ಪ್ರಶಸ್ತಿಗೆ ಅಭಿಮಾನಿಗಳು ಇಟ್ಟ ಹೆಸರು.)

2. ಕೈಯಲ್ಲಿ ಏನಿತ್ತು ಅಂತ ಬರೆದಿಡಿ

ಇಡೀ ಲೆಕ್ಕ ನಿಂತಿರುವುದು ಈ ಹಂತದ ಮೇಲೆ. ಫಲಿತಾಂಶ ನೋಡುವ ಮೊದಲೇ, ಆ ರೋಸ್ಟರ್‌ನಿಂದ, ಅಂದರೆ ಆ ವರ್ಷದ ಆಟಗಾರರ ಪಟ್ಟಿಯಿಂದ, ಎಷ್ಟು ಗೆಲುವು ನಿರೀಕ್ಷಿಸಬಹುದಿತ್ತು ಅಂತ ಅಂದಾಜು ಮಾಡಿ. ಯಾರು ಗಾಯಗೊಂಡಿದ್ದರು, ಯಾರು ಇನ್ನೂ ಹುಡುಗರು, ಯಾರಿಗೆ ವಯಸ್ಸಾಗಿತ್ತು, ಎಲ್ಲ ಸೇರಿಸಿ. ಫಲಿತಾಂಶ ನೋಡಿದ ಮೇಲೆ ಬರೆದರೆ ಕೈ ತಾನಾಗಿ ವಾಲುತ್ತದೆ.

ಗ್ರೆಗ್ ಪೊಪೊವಿಚ್ ಅವರನ್ನೇ ತೆಗೆದುಕೊಳ್ಳಿ. ಸಾಮಾನ್ಯ ಸೀಸನ್‌ನಲ್ಲಿ 1390 ಗೆಲುವು, ಎನ್‌ಬಿಎ ಇತಿಹಾಸದಲ್ಲೇ ಅತಿ ಹೆಚ್ಚು. ಐದು ಪ್ರಶಸ್ತಿ. ಅವರು ಸ್ಯಾನ್ ಆಂಟೋನಿಯೊ ಸ್ಪರ್ಸ್ ಕೋಚ್ ಆದದ್ದು 1996-97ರ ಸೀಸನ್ ನಡುವೆ. ಆ ವರ್ಷ ಅವರ ಲೆಕ್ಕ 17 ಗೆಲುವು, 47 ಸೋಲು. ತಂಡದ ಆಧಾರವಾಗಿದ್ದ ಡೇವಿಡ್ ರಾಬಿನ್ಸನ್ ಗಾಯದಿಂದ ಹೆಚ್ಚುಕಡಿಮೆ ಇಡೀ ವರ್ಷ ಹೊರಗಿದ್ದರು. ಮುಂದಿನ ವರ್ಷ ರಾಬಿನ್ಸನ್ ಮರಳಿದರು. ಡ್ರಾಫ್ಟ್‌ನಲ್ಲಿ, ಅಂದರೆ ಹೊಸ ಆಟಗಾರರನ್ನು ಸರದಿ ಪ್ರಕಾರ ಆರಿಸುವ ವ್ಯವಸ್ಥೆಯಲ್ಲಿ, ಮೊದಲ ಆಯ್ಕೆಯಾಗಿ ಟಿಮ್ ಡಂಕನ್ ಬಂದರು. ಗೆಲುವು 56 ಆಯಿತು. ಡಂಕನ್ ನಿವೃತ್ತರಾಗಿ ಕೆಲವು ವರ್ಷ ಕಳೆದ ಮೇಲೆ, 2022-23 ಮತ್ತು 2023-24ರಲ್ಲಿ, ಅದೇ ಪೊಪೊವಿಚ್ ತಂಡ 22 ಗೆದ್ದು 60 ಸೋತಿತು. ಎರಡೂ ವರ್ಷ ಅದೇ ಅಂಕಿ.

ಇದರಿಂದ ಪೊಪೊವಿಚ್ ಸಾಧಾರಣ ಕೋಚ್ ಅಂತ ಆಗುವುದಿಲ್ಲ. ಬರೀ ಸೋಲು-ಗೆಲುವಿನ ಪಟ್ಟಿ ಕೋಚ್ ಬಗ್ಗೆ ಎಷ್ಟು ಕಡಿಮೆ ಹೇಳುತ್ತದೆ ಅನ್ನುವುದು ಗೊತ್ತಾಗುತ್ತದೆ. ನನಗೆ ಅವರಲ್ಲಿ ಮೆಚ್ಚುಗೆಯಾಗುವುದು ಬೇರೆಯೇ. 1999ರಲ್ಲಿ ನಿಧಾನದ, ಡಿಫೆನ್ಸ್ ನಂಬಿದ ತಂಡದೊಂದಿಗೆ ಗೆದ್ದರು. 2014ರಲ್ಲಿ ಚೆಂಡು ಒಂದು ಕ್ಷಣವೂ ಒಬ್ಬರ ಕೈಯಲ್ಲಿ ನಿಲ್ಲದಂಥ ಪಾಸಿಂಗ್ ಆಟದಿಂದ ಗೆದ್ದರು. ಡಂಕನ್ ಎರಡರಲ್ಲೂ ಇದ್ದರು. ಆಟ ಮಾತ್ರ ಪೂರ್ತಿ ಬದಲಾಗಿತ್ತು.

ಇಲ್ಲಿ ಇನ್ನೊಂದು ಗುಂಡಿ ಇದೆ: ಟ್ಯಾಂಕಿಂಗ್. ಮುಂದಿನ ಡ್ರಾಫ್ಟ್‌ನಲ್ಲಿ ಒಳ್ಳೆಯ ಸರದಿ ಸಿಗಲಿ ಅಂತ ಆಡಳಿತವೇ ದುರ್ಬಲ ತಂಡ ಕಟ್ಟುವುದಕ್ಕೆ ಈ ಹೆಸರು. ಒಕ್ಲಹೋಮ ಸಿಟಿ ಥಂಡರ್ ಕೋಚ್ ಮಾರ್ಕ್ ಡೇಗ್ನಾಲ್ಟ್ ಅವರ ಮೊದಲ ಎರಡು ವರ್ಷದ ಗೆಲುವು-ಸೋಲು 22-50 ಮತ್ತು 24-58. ಆಗ ಕಿತ್ತುಹಾಕಿ ಅಂದವರು ಇದ್ದಿದ್ದರೆ 2024-25ರಲ್ಲಿ ಬಾಯಿ ಮುಚ್ಚಿಕೊಳ್ಳಬೇಕಾಗುತ್ತಿತ್ತು: 68 ಗೆಲುವು, ಜೊತೆಗೆ ಪ್ರಶಸ್ತಿ. ಸೋಲಲೆಂದೇ ಕಟ್ಟಿದ ತಂಡದ ಸೋಲನ್ನು ಕೋಚ್ ತಲೆಗೆ ಕಟ್ಟಬೇಡಿ.

3. ಗೆಲುವಿನ ಬದಲು ಅಂಕ ವ್ಯತ್ಯಾಸ ನೋಡಿ

ಒಂದು-ಎರಡು ಅಂಕದ ಅಂತರದಲ್ಲಿ ಮುಗಿಯುವ ಪಂದ್ಯಗಳಲ್ಲಿ ಅದೃಷ್ಟದ ಪಾಲು ದೊಡ್ಡದು. ಆದ್ದರಿಂದ ಸರಾಸರಿ ಅಂಕ ವ್ಯತ್ಯಾಸ, ಅಂದರೆ ಪಂದ್ಯಕ್ಕೆ ಗಳಿಸಿದ ಅಂಕದಿಂದ ಬಿಟ್ಟುಕೊಟ್ಟ ಅಂಕ ಕಳೆದದ್ದು, ತಂಡದ ಬಲವನ್ನು ಹೆಚ್ಚು ಸರಿಯಾಗಿ ತೋರಿಸುತ್ತದೆ. ಮನೆಯಲ್ಲೇ ಮಾಡಬಹುದಾದ ಲೆಕ್ಕ ಹೀಗಿದೆ. ಸೀಸನ್‌ಗೆ 82 ಪಂದ್ಯ, ಅರ್ಧ ಅಂದರೆ 41. ವ್ಯತ್ಯಾಸವನ್ನು 2.7ರಿಂದ ಗುಣಿಸಿ 41ಕ್ಕೆ ಸೇರಿಸಿ. ಪಂದ್ಯಕ್ಕೆ 5 ಅಂಕ ಮುಂದಿರುವ ತಂಡ ಸುಮಾರು 54 ಗೆಲ್ಲಬೇಕು.

2015-16ರಲ್ಲಿ ಗೋಲ್ಡನ್ ಸ್ಟೇಟ್ ವಾರಿಯರ್ಸ್ 73 ಗೆದ್ದು ದಾಖಲೆ ಮಾಡಿತು. ಸ್ಪರ್ಸ್ 67 ಗೆದ್ದಿತು. ಎರಡೂ ತಂಡಗಳ ಅಂಕ ವ್ಯತ್ಯಾಸ ಮಾತ್ರ ಹೆಚ್ಚುಕಡಿಮೆ ಒಂದೇ, 10ಕ್ಕಿಂತ ತುಸು ಮೇಲೆ. ಲೆಕ್ಕದ ಪ್ರಕಾರ ಇಬ್ಬರೂ 70ರ ಆಸುಪಾಸಿನವರು. ಆ ಆರು ಗೆಲುವಿನ ಅಂತರ ಹಿಡಿದು ವಾರಿಯರ್ಸ್‌ನ ಕೋಚ್ ಸ್ಟೀವ್ ಕೆರ್ ಮೇಲು, ಪೊಪೊವಿಚ್ ಕೀಳು ಅನ್ನುವುದು ಕಷ್ಟ.

ಅಭ್ಯಾಸ ಇರುವವರು ಇದನ್ನು 100 ಪೊಸೆಷನ್ ಲೆಕ್ಕದಲ್ಲಿ ನೋಡಲಿ. ಒಂದು ತಂಡದ ಕೈಗೆ ಚೆಂಡು ಬಂದು ಹೋಗುವವರೆಗಿನದು ಒಂದು ಪೊಸೆಷನ್. ಬೇಗ ಆಡುವ ತಂಡಕ್ಕೆ ಅಂಕ ಜಾಸ್ತಿ ಬರುತ್ತದೆ, ಜಾಸ್ತಿ ಬಿಟ್ಟುಕೊಡುತ್ತದೆ ಕೂಡ. ಈ ಲೆಕ್ಕ ಆ ಮೋಸವನ್ನು ತೆಗೆದುಹಾಕುತ್ತದೆ.

4. ಒಂದು ಬದಲಾಗಿ ಇನ್ನೊಂದು ಹಾಗೇ ಉಳಿದ ವರ್ಷಗಳನ್ನು ಹುಡುಕಿ

ಆಟಗಾರರು ಅವರೇ, ಕೋಚ್ ಬೇರೆ. ಅಥವಾ ಕೋಚ್ ಅವರೇ, ಸ್ಟಾರ್ ಇಲ್ಲ. ಇಂಥ ವರ್ಷಗಳೇ ನಿಮ್ಮ ಕೈಗೆ ಸಿಗುವ ಅತ್ಯುತ್ತಮ ಸಾಕ್ಷಿ. ಸಮಯ ಇದ್ದಷ್ಟೂ ಈ ಹಂತದಲ್ಲಿ ಕಳೆಯಿರಿ.

ಜಾಕ್ಸನ್ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. 1992-93ರಲ್ಲಿ ಫಿಲ್ ಜಾಕ್ಸನ್ ಕೋಚ್ ಆಗಿದ್ದ ಷಿಕಾಗೊ ಬುಲ್ಸ್ 57 ಗೆದ್ದು ಮೂರನೇ ಪ್ರಶಸ್ತಿ ಪಡೆಯಿತು. ಆಮೇಲೆ ಜೋರ್ಡನ್ ಆಟ ಬಿಟ್ಟು ಬೇಸ್‌ಬಾಲ್‌ಗೆ ಹೋದರು. 1993-94ರಲ್ಲಿ ಜೋರ್ಡನ್ ಇಲ್ಲದ ಬುಲ್ಸ್ ಎಷ್ಟು ಗೆದ್ದಿತು? 55. ಪ್ಲೇಆಫ್‌ನ, ಅಂದರೆ ಸೀಸನ್ ನಂತರದ ನಾಕೌಟ್ ಸರಣಿಗಳ, ಎರಡನೇ ಸುತ್ತಿನಲ್ಲಿ ನ್ಯೂಯಾರ್ಕ್ ನಿಕ್ಸ್ ವಿರುದ್ಧ ಏಳನೇ ಪಂದ್ಯದವರೆಗೆ ಹೋರಾಡಿ ಸೋತಿತು. 'ಯಾರು ಬೇಕಾದರೂ ಗೆಲ್ಲುತ್ತಾರೆ' ಅನ್ನುವವರ ಮುಂದೆ ಈ ಅಂಕಿ ಇಡಿ. ಅವರು ಬುಲ್ಸ್‌ನ ಇನ್ನೊಬ್ಬ ಸ್ಟಾರ್ ಪಿಪ್ಪೆನ್ ಹೆಸರು ಹೇಳುತ್ತಾರೆ. ಹೇಳಲಿ, ಅದೂ ನ್ಯಾಯವೇ. ಬುಲ್ಸ್‌ನ ಟ್ರಯಾಂಗಲ್ ಅಫೆನ್ಸ್ ಅನ್ನುವ ದಾಳಿ ಪದ್ಧತಿಯ ಗುರು ಸಹಾಯಕ ಕೋಚ್ ಟೆಕ್ಸ್ ವಿಂಟರ್ ಅಂತಲೂ ಹೇಳಬಹುದು. ಆದರೆ ಜೋರ್ಡನ್‌ನಂಥ ಆಟಗಾರ ಆ ಪದ್ಧತಿಗೆ ಒಪ್ಪುವಂತೆ ಮಾಡಿದವರು ಜಾಕ್ಸನ್. ಕೋಚಿಂಗ್‌ನಲ್ಲಿ ನನ್ನ ಲೆಕ್ಕಕ್ಕೆ ಅದೇ ಅತಿ ಕಷ್ಟದ ಭಾಗ.

ವಾರಿಯರ್ಸ್ ಕಥೆ ಇನ್ನೂ ಸ್ವಾರಸ್ಯ. 2013-14ರಲ್ಲಿ ಮಾರ್ಕ್ ಜಾಕ್ಸನ್ ಕೋಚ್, 51 ಗೆಲುವು. ಅವರನ್ನು ತೆಗೆದು ಕೆರ್ ಅವರನ್ನು ತಂದರು. ಮುಖ್ಯ ಆಟಗಾರರು ಅವರೇ, ಗೆಲುವು 67, ಮೇಲೆ ಪ್ರಶಸ್ತಿ. ಕೆರ್ ಪಾಸಿಂಗ್ ಹೆಚ್ಚಿಸಿದರು, ಆಂಡ್ರೆ ಇಗ್ವೊಡಾಲಾ ಅವರನ್ನು ಮೊದಲ ಐವರಿಂದ ಬೆಂಚ್‌ಗೆ ಕಳಿಸಿದರು. ಇಷ್ಟೇ ಆಗಿದ್ದರೆ ಕೇಸ್ ಮುಗಿಯಿತು ಅನ್ನಬಹುದಿತ್ತು. ಆದರೆ ಸ್ಟೆಫ್ ಕರ್ರಿ ಆಗ 26ರ ಹರೆಯದವರು, ಏರುಗತಿಯಲ್ಲಿದ್ದರು. ಡ್ರೇಮಂಡ್ ಗ್ರೀನ್ ಮೊದಲ ಐವರಲ್ಲಿ ಬಂದದ್ದು ಡೇವಿಡ್ ಲೀ ಗಾಯಗೊಂಡದ್ದರಿಂದ. ಡಿಫೆನ್ಸ್ ಆಗಲೇ ಗಟ್ಟಿಯಾಗಿತ್ತು, ಅದರ ಪಾಲು ಮಾರ್ಕ್ ಜಾಕ್ಸನ್‌ಗೂ ಸಲ್ಲಬೇಕು.

ಮುಂದೆ ಕೇಳಿ. 2015-16ರ ಶುರುವಿನಲ್ಲಿ ಬೆನ್ನು ಶಸ್ತ್ರಚಿಕಿತ್ಸೆಯ ತೊಂದರೆಯಿಂದ ಕೆರ್ ರಜೆಯಲ್ಲಿದ್ದರು. ಸಹಾಯಕ ಲ್ಯೂಕ್ ವಾಲ್ಟನ್ ತಂಡ ನಡೆಸಿದರು: 39 ಗೆಲುವು, 4 ಸೋಲು. ಮೊದಲ 24 ಪಂದ್ಯ ಒಂದೇ ಸಮ ಗೆದ್ದರು. ನಿಯಮದ ಪ್ರಕಾರ ಆ ಗೆಲುವೆಲ್ಲ ಕೆರ್ ಖಾತೆಗೇ ಹೋದವು! ಆಮೇಲೆ ವಾಲ್ಟನ್ ಲೇಕರ್ಸ್ ತಂಡಕ್ಕೆ ಕೋಚ್ ಆಗಿ 98 ಗೆದ್ದು 148 ಸೋತರು. ಕೆರ್ ಕೂಡ 2019-20ರಲ್ಲಿ, ಕರ್ರಿ ಕೈ ಮುರಿದುಕೊಂಡು ಕ್ಲೇ ಥಾಂಪ್ಸನ್ ಇಲ್ಲದ ವರ್ಷ, 15 ಗೆದ್ದು 50 ಸೋತರು. ಹಾಗಾದರೆ ಕೆರ್ ಕೊಡುಗೆ ಏನೂ ಇಲ್ಲವೇ? ಇದೆ. ವಾಲ್ಟನ್ ನಡೆಸಿದ್ದು ಕೆರ್ ಕಟ್ಟಿಟ್ಟ ಪದ್ಧತಿಯನ್ನೇ. ಕಟ್ಟುವುದು ಬೇರೆ, ಕಟ್ಟಿದ್ದನ್ನು ಕೆಲ ತಿಂಗಳು ಓಡಿಸುವುದು ಬೇರೆ.

ಎರಡು ಎಚ್ಚರಿಕೆ. ಮೊದಲನೆಯದು: ಕೋಚ್ ಜೊತೆಗೆ ಸ್ಟಾರ್ ಕೂಡ ಬದಲಾಗಿದ್ದಾರಾ ನೋಡಿ. ಟೊರಾಂಟೊ ರಾಪ್ಟರ್ಸ್ 2018ರಲ್ಲಿ ಡ್ವೇನ್ ಕೇಸಿ ಅವರನ್ನು ತೆಗೆದು ನಿಕ್ ನರ್ಸ್ ಅವರನ್ನು ಕೋಚ್ ಮಾಡಿತು, ಮರುವರ್ಷವೇ ಚಾಂಪಿಯನ್. ಅದೇ ಬೇಸಿಗೆಯಲ್ಲಿ ಕವೈ ಲೆನರ್ಡ್ ಬಂದಿದ್ದರು ಅನ್ನುವುದನ್ನು ಮರೆಯುವ ಹಾಗಿಲ್ಲ, ಅಲ್ವಾ? ಅಷ್ಟೇ ಹೇಳಿ ನಿಲ್ಲಿಸಲೂ ಬೇಡಿ. ಲೆನರ್ಡ್ ಆಡದ 22 ಪಂದ್ಯಗಳಲ್ಲಿ ಆ ತಂಡ 17 ಗೆದ್ದಿತ್ತು. ಎರಡನೆಯದು: ಕೋಚ್‌ಗಳನ್ನು ತೆಗೆಯುವುದು ಸಾಮಾನ್ಯವಾಗಿ ತಂಡ ತನ್ನ ಬಲಕ್ಕಿಂತ ಕೆಳಗೆ ಬಿದ್ದಾಗ. ಹೊಸಬರು ಬಂದಾಗ ಅದೃಷ್ಟ ಸಹಜಕ್ಕೆ ಮರಳಿದರೂ ಸುಧಾರಣೆ ಆದ ಹಾಗೆ ಕಾಣುತ್ತದೆ.

5. ಪಂದ್ಯ ನೋಡುವಾಗ ತೀರ್ಮಾನ ನೋಡಿ, ಫಲಿತಾಂಶ ಆಮೇಲೆ

ಟೈಮ್‌ಔಟ್ ಮುಗಿದ ಕೂಡಲೇ ತಂಡ ಏನು ಆಡುತ್ತದೆ ಗಮನಿಸಿ. ಅದು ಕೋಚ್ ಬೋರ್ಡ್ ಮೇಲೆ ಬರೆದುಕೊಟ್ಟದ್ದು. ಖಾಲಿ ನಿಂತ ಆಟಗಾರನಿಗೆ ಚೆಂಡು ಸಿಕ್ಕಿತಾ ಅಂತ ನೋಡಿ. ಶಾಟ್ ಬಿತ್ತೋ ಇಲ್ಲವೋ ಅನ್ನುವುದು ಆಟಗಾರನ ಕೈ. ಪ್ಲೇಆಫ್‌ನಲ್ಲಿ ಎದುರಾಳಿಯನ್ನು ಏಳು ಸಲದವರೆಗೆ ಎದುರಿಸಬೇಕಾಗುವುದರಿಂದ ಮೊದಲ ಪಂದ್ಯಕ್ಕೂ ನಾಲ್ಕನೆಯದಕ್ಕೂ ಏನು ಬದಲಾಯಿತು ಅಂತ ಹೋಲಿಸಿ. 2011ರ ಫೈನಲ್ಸ್‌ನಲ್ಲಿ 1-2ರಿಂದ ಹಿಂದಿದ್ದಾಗ ಡಲ್ಲಾಸ್ ಕೋಚ್ ರಿಕ್ ಕಾರ್ಲೈಲ್ ಪುಟ್ಟ ಗಾರ್ಡ್ ಜೆ.ಜೆ. ಬರೇಯಾ ಅವರನ್ನು ಮೊದಲ ಐವರಲ್ಲಿ ಇಳಿಸಿದರು. ಡಲ್ಲಾಸ್ ಮುಂದಿನ ಮೂರೂ ಗೆದ್ದಿತು.

ಈಗ ಕಷ್ಟದ ಉದಾಹರಣೆ. 2013ರ ಫೈನಲ್ಸ್, ಆರನೇ ಪಂದ್ಯ. ಸ್ಪರ್ಸ್ ಕೊನೆಯ ಕ್ಷಣಗಳಲ್ಲಿ 95-92ರಿಂದ ಮುಂದಿದೆ, ಗೆದ್ದರೆ ಪ್ರಶಸ್ತಿ. ಎದುರಾಳಿ ಮಯಾಮಿಗೆ ಬೇಕಿರುವುದು ಮೂರು ಅಂಕದ ಶಾಟ್. ಪೊಪೊವಿಚ್ ಡಂಕನ್ ಅವರನ್ನು ಬೆಂಚ್‌ನಲ್ಲಿ ಕೂರಿಸಿ, ಹೊರವಲಯದಲ್ಲಿ ಚುರುಕಾಗಿ ಓಡಬಲ್ಲವರನ್ನು ಇಟ್ಟರು. ಮಯಾಮಿಯ ಲೆಬ್ರಾನ್ ಶಾಟ್ ತಪ್ಪಿತು. ರಿಬೌಂಡ್, ಅಂದರೆ ಬುಟ್ಟಿಗೆ ಬೀಳದೆ ಪುಟಿದ ಚೆಂಡು, ಅವರದೇ ತಂಡದ ಕ್ರಿಸ್ ಬಾಷ್‌ಗೆ ಸಿಕ್ಕಿತು. ಮೂಲೆಯಿಂದ ರೇ ಆಲನ್ ಮೂರಂಕ ಹೊಡೆದರು. ಮಯಾಮಿ ಹೆಚ್ಚುವರಿ ಅವಧಿಯಲ್ಲಿ ಗೆದ್ದು, ಏಳನೇ ಪಂದ್ಯವನ್ನೂ ಗೆದ್ದಿತು. ಡಂಕನ್ ಇದ್ದಿದ್ದರೆ ಆ ರಿಬೌಂಡ್ ಸಿಗುತ್ತಿತ್ತು ಅಂತ ಇವತ್ತಿಗೂ ಬೈಯುವವರು ಇದ್ದಾರೆ. ಮೂರಂಕ ತಡೆಯಬೇಕಾದಾಗ ದೊಡ್ಡ ದೇಹದ ಸೆಂಟರ್‌ನನ್ನು ಹೊರಗಿಡುವುದು ತರ್ಕ ಇರುವ ತೀರ್ಮಾನ. ಮೊದಲ ಶಾಟ್ ತಪ್ಪಿತಲ್ಲ, ಅಷ್ಟರ ಮಟ್ಟಿಗೆ ಅದು ಕೆಲಸವನ್ನೂ ಮಾಡಿತು. ನಾನು ಅದನ್ನು ತಪ್ಪು ಅನ್ನುವುದಿಲ್ಲ. ನೀವು ಅನ್ನಬಹುದು, ಆದರೆ ಆಲನ್ ಶಾಟ್ ಬಿದ್ದದ್ದನ್ನು ಕಾರಣವಾಗಿ ಕೊಡಬೇಡಿ.

ಶ್ರೇಯಸ್ಸು ಯಾರದು ಅನ್ನುವುದರಲ್ಲೂ ಎಚ್ಚರ ಬೇಕು. 2015ರ ಫೈನಲ್ಸ್‌ನಲ್ಲಿ 1-2ರಿಂದ ಹಿಂದಿದ್ದ ವಾರಿಯರ್ಸ್ ನಾಲ್ಕನೇ ಪಂದ್ಯಕ್ಕೆ ಎತ್ತರದ ಬೋಗಟ್ ಬದಲು ಇಗ್ವೊಡಾಲಾ ಅವರನ್ನು ಇಳಿಸಿ ಸರಣಿಯನ್ನೇ ತಿರುಗಿಸಿತು. ಆ ಸಲಹೆ ಕೊಟ್ಟವರು ಕೆರ್ ಸಹಾಯಕ ಸಿಬ್ಬಂದಿಯ ನಿಕ್ ಯುರೆನ್. ಫೈನಲ್ಸ್ ನಡುವೆ ಕಿರಿಯರ ಮಾತು ಕೇಳಿ ಜಾರಿಗೆ ತರುವುದೂ ಒಂದು ಗುಣವೇ, ಅದನ್ನು ಕೆರ್ ಖಾತೆಗೆ ಬರೆದುಕೊಳ್ಳಿ.

ಕೋಚ್ ಚಾಲೆಂಜ್, ಅಂದರೆ 2019-20ರಿಂದ ಬಂದಿರುವ ರೆಫರಿ ತೀರ್ಪು ಪ್ರಶ್ನಿಸುವ ಅವಕಾಶ, ಟಿವಿಯಲ್ಲಿ ದೊಡ್ಡದಾಗಿ ಕಾಣುತ್ತದೆ. ಲೆಕ್ಕದಲ್ಲಿ ಅದಕ್ಕೆ ಜಾಸ್ತಿ ಬೆಲೆ ಕೊಡಬೇಡಿ.

6. ಆಟಗಾರರು ಬೆಳೆದರಾ?

ಎರಿಕ್ ಸ್ಪೋಲ್ಸ್ಟ್ರಾ ಅವರ ಮಯಾಮಿ ಹೀಟ್ 2023ರಲ್ಲಿ ಎಂಟನೇ ಸ್ಥಾನದಿಂದ ಬಂದು ಫೈನಲ್ಸ್ ತಲುಪಿತು. ಗೇಬ್ ವಿನ್ಸೆಂಟ್, ಮ್ಯಾಕ್ಸ್ ಸ್ಟ್ರೂಸ್, ಕೇಲೆಬ್ ಮಾರ್ಟಿನ್, ಡಂಕನ್ ರಾಬಿನ್ಸನ್ ಈ ನಾಲ್ವರನ್ನೂ ಡ್ರಾಫ್ಟ್‌ನಲ್ಲಿ ಯಾವ ತಂಡವೂ ಆರಿಸಿರಲಿಲ್ಲ. ಹಾಗಂತ ಮೂರನೇ ಹಂತ ಮರೆಯಬೇಡಿ: ಆ ಸೀಸನ್‌ನಲ್ಲಿ ಅವರು 44 ಗೆದ್ದರೂ ಅಂಕ ವ್ಯತ್ಯಾಸ ಸೊನ್ನೆಗಿಂತ ಕೆಳಗಿತ್ತು. ಆಟಗಾರರ ಬೆಳವಣಿಗೆಯಲ್ಲಿ ಇಡೀ ಸಂಸ್ಥೆಯ ಪಾಲಿರುತ್ತದೆ. ಒಬ್ಬ ಕೋಚ್‌ನ ಬಳಿಯಿಂದ ಹೋದ ಆಟಗಾರ ಬೇರೆ ತಂಡದಲ್ಲಿ ಹೇಗೆ ಆಡಿದ ಅಂತಲೂ ನೋಡಿ.

7. ಪ್ರಶಸ್ತಿ, ಹಣೆಪಟ್ಟಿ ಕೊನೆಗೆ

ವರ್ಷದ ಕೋಚ್ ಪ್ರಶಸ್ತಿಗೆ ಪತ್ರಕರ್ತರು ಪ್ಲೇಆಫ್‌ಗೆ ಮೊದಲೇ ಮತ ಹಾಕುತ್ತಾರೆ. ಅದು ಹೆಚ್ಚಾಗಿ ಹೋಗುವುದು ನಿರೀಕ್ಷೆ ಮೀರಿದ ತಂಡಕ್ಕೆ. ವರ್ಷ ವರ್ಷವೂ ಚೆನ್ನಾಗಿರುವವರಿಗೆ ನಷ್ಟ. ಜಾಕ್ಸನ್‌ಗೆ ಸಿಕ್ಕಿದ್ದು ಒಂದೇ ಸಲ. 1221 ಪಂದ್ಯ ಗೆದ್ದ ಜೆರಿ ಸ್ಲೋನ್‌ಗೆ ಒಮ್ಮೆಯೂ ಇಲ್ಲ. ಸ್ಪೋಲ್ಸ್ಟ್ರಾಗೆ 2025ರವರೆಗೆ ಬಂದಿರಲಿಲ್ಲ. ಕೇಸಿ ಅವರಿಗೆ ಈ ಪ್ರಶಸ್ತಿ ಬಂದಾಗ ತಂಡ ಅವರನ್ನು ಆಗಲೇ ಮನೆಗೆ ಕಳಿಸಿತ್ತು!

ಹಣೆಪಟ್ಟಿಯೂ ಹಾಗೆಯೇ. ಕೋಚ್ ಡಾಕ್ ರಿವರ್ಸ್ ಅಂದರೆ '3-1 ಮುನ್ನಡೆ ಕಳೆದುಕೊಳ್ಳುವವರು'. ಮೂರು ಸಲ ಕಳೆದುಕೊಂಡದ್ದು ನಿಜ: 2003, 2015, 2020. ಆದರೆ 2003ರ ಅವರ ಒರ್ಲ್ಯಾಂಡೊ ತಂಡ ಎಂಟನೇ ಸ್ಥಾನದ್ದು, ಎದುರಿಗಿದ್ದದ್ದು ಮೊದಲ ಸ್ಥಾನದ ಡೆಟ್ರಾಯಿಟ್. 3-1 ಮುಂದೆ ಬಂದದ್ದೇ ಆಶ್ಚರ್ಯ. 2020ರ ಕ್ಲಿಪ್ಪರ್ಸ್ ಸೋಲಿಗೆ ಮಾತ್ರ ನಾನು ರಿಯಾಯಿತಿ ಕೊಡುವುದಿಲ್ಲ.

8. ಒಂದು ಕೇಸ್ ನೀವೇ ಮಾಡಿ ನೋಡಿ

ರ‍್ಯಾಂಕ್ ಕೊಡಬೇಡಿ, ಮೂರು-ನಾಲ್ಕು ದರ್ಜೆ ಮಾಡಿ. ಏಳನೆಯವರಿಗೂ ಒಂಬತ್ತನೆಯವರಿಗೂ ವ್ಯತ್ಯಾಸ ತೋರಿಸುವಷ್ಟು ನಿಖರತೆ ನಮ್ಮ ಕೈಯಲ್ಲಿಲ್ಲ.

ಅಭ್ಯಾಸಕ್ಕೆ ಮಾಂಟಿ ವಿಲಿಯಮ್ಸ್ ಒಳ್ಳೆಯ ಕೇಸ್. 2021-22ರಲ್ಲಿ ಫೀನಿಕ್ಸ್ ಸನ್ಸ್‌ಗೆ 64 ಗೆಲುವು, ವರ್ಷದ ಕೋಚ್. 2023ರಲ್ಲಿ ಅಲ್ಲಿಂದ ತೆಗೆದರು. ಡೆಟ್ರಾಯಿಟ್ ಪಿಸ್ಟನ್ಸ್ ಆರು ವರ್ಷಕ್ಕೆ 7.85 ಕೋಟಿ ಡಾಲರ್ ಕೊಟ್ಟು ಕರೆದುಕೊಂಡಿತು. ಮೊದಲ ವರ್ಷವೇ 14 ಗೆಲುವು, 68 ಸೋಲು, ಅದರಲ್ಲಿ ಸತತ 28 ಸೋಲು. ಮತ್ತೆ ತೆಗೆದರು. ಜೆ.ಬಿ. ಬಿಕರ್‌ಸ್ಟಾಫ್ ಬಂದ ವರ್ಷ ಅದೇ ಪಿಸ್ಟನ್ಸ್ 44 ಗೆದ್ದಿತು.

ಎರಡನೇ ಹಂತದಿಂದ ಶುರುಮಾಡಿ. ಫೀನಿಕ್ಸ್‌ನಲ್ಲಿ ಅನುಭವಿ ಪಾಯಿಂಟ್ ಗಾರ್ಡ್ (ಆಟ ಕಟ್ಟುವ ಆಟಗಾರ) ಕ್ರಿಸ್ ಪಾಲ್ ಇದ್ದರು. 2024-25ರ ಡೆಟ್ರಾಯಿಟ್‌ಗೆ ಟೋಬಿಯಸ್ ಹ್ಯಾರಿಸ್, ಮಲಿಕ್ ಬೀಸ್ಲಿ, ಟಿಮ್ ಹಾರ್ಡವೇ ಜೂನಿಯರ್ ಹೊಸದಾಗಿ ಬಂದಿದ್ದರು, ಕೇಡ್ ಕನ್ನಿಂಗ್‌ಹ್ಯಾಮ್ ಒಂದು ವರ್ಷ ದೊಡ್ಡವರಾಗಿದ್ದರು. ಇವೆಲ್ಲ ಕಳೆದ ಮೇಲೂ 30 ಗೆಲುವಿನ ಜಿಗಿತದಲ್ಲಿ ಎಷ್ಟು ಉಳಿಯುತ್ತದೆ? ನನ್ನ ಅಂದಾಜಿನಲ್ಲಿ ಸಾಕಷ್ಟು ಉಳಿಯುತ್ತದೆ, ಅದರ ಹೆಚ್ಚಿನ ಪಾಲು ಬಿಕರ್‌ಸ್ಟಾಫ್ ಅವರದು. ವಿಲಿಯಮ್ಸ್ ಅವರನ್ನು ನಾನು ಇಡುವುದು ಎರಡನೇ ದರ್ಜೆಯಲ್ಲಿ: ಅನುಭವಿ ಪಾಯಿಂಟ್ ಗಾರ್ಡ್ ಇರುವ ತಂಡಕ್ಕೆ ಹೌದು, ಹುಡುಗರ ತಂಡಕ್ಕೆ ಬೇಡ. ಒಪ್ಪದಿದ್ದರೆ ನಿಮ್ಮ ಲೆಕ್ಕ ಬರೆದು ಕಳಿಸಿ, ಯಾವ ಹಂತದಲ್ಲಿ ನಿಮ್ಮದು ಬೇರೆಯಾಯಿತು ಅನ್ನುವುದರ ಜೊತೆಗೆ.